ಕೊತ್ತಂಬರಿ ಕಟ್ಟಿನ ರಬ್ಬರು

ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಬಾವಿಕಟ್ಟೆಯ ಮೇಲೆ ಒದ್ದೆ ಗೋಣಿ ಹಾಸಿ, ಹಿಂದಿನ ಸಂಜೆ ಕಿತ್ತಿಟ್ಟ ಕೊತ್ತಂಬರಿ, ಪಾಲಕ್, ಸಬ್ಬಸಿಗೆಯನ್ನು ಬೇರೆ ಬೇರೆ ಗುಡ್ಡೆ ಹಾಕಿದ್ದರು. ಹೆಂಡತಿ ಬೇರಿನ ಮಣ್ಣನ್ನು ತೊಟ್ಟಿಯ ನೀರಿನಲ್ಲಿ ಜಾಲಾಡಿ ಕೊಡುವಳು. ಮಗಳು ಹಳದಿ ಎಲೆ ಆರಿಸಿ ತೆಗೆಯುವಳು. ಅವನು ಒಂದೊಂದು ಹಿಡಿ ಎತ್ತಿಕೊಂಡು, ಬುಡ ಸಮ ಮಾಡಿ, ಎಡಗೈ ಮಣಿಕಟ್ಟಿನಿಂದ ಒಂದು ರಬ್ಬರು ಎಳೆದು ಎರಡು ಸುತ್ತು ಹಾಕಿ ಬುಟ್ಟಿಗೆ ಎಸೆಯುವನು. ಬಳೆ ತೊಟ್ಟ ಹಾಗೆ ಅವನ ಮಣಿಕಟ್ಟಿನ ತುಂಬ ಸಣ್ಣ ಸಣ್ಣ ಹಸಿರು ರಬ್ಬರುಗಳು.

ಅವನನ್ನು ಎಲ್ಲರೂ ಸಿಳ್ಳಣ್ಣ ಎನ್ನುತ್ತಿದ್ದರು. ಮೇಲಿನ ಎದುರು ಹಲ್ಲುಗಳೆರಡರ ನಡುವೆ ಕಡ್ಡಿ ತೂರುವಷ್ಟು ಸಂದಿತ್ತು. ಆ ಸಂದಿಗೆ ನಾಲಿಗೆ ತಾಗಿಸಿ ಊದಿದರೆ ಸಾಕು, ಉದ್ದನೆಯ ಸಿಳ್ಳೆಯೊಂದು ಎದ್ದು, ಕೊನೆಗೆ ಮೇಲಕ್ಕೆ ತಿರುಗಿ ನಿಲ್ಲುತ್ತಿತ್ತು. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಪಕ್ಕದ ಪಟ್ಟಣದ ಬೀದಿಗಳನ್ನು ಸುತ್ತುವಾಗ ಅವನು "ಸೊಪ್ಪು" ಎಂದು ಕೂಗಿದ್ದೇ ಇಲ್ಲ. ಬೀದಿಯ ತುದಿಯಲ್ಲಿ ಸಿಳ್ಳೆ ಕೇಳಿಸಿದರೆ ಬಾಗಿಲುಗಳು ತೆರೆದುಕೊಳ್ಳುತ್ತಿದ್ದವು.

ಮಗಳಿಗೂ ಅದೇ ಸಂದು ಬಂದಿತ್ತು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದಾಗ ಅವನು ಅವಳ ತುಟಿ ಎತ್ತಿ ನೋಡಿ, ಮನೆಯವರೆಲ್ಲ ಕೇಳುವಂತೆ, "ನನ್ನ ಮೊಹರು ಬಿದ್ದಿದೆ ನೋಡ್ರೋ!" ಎಂದು ಕುಣಿದಿದ್ದ. ಅಂದಿನಿಂದ ಅವಳನ್ನು ಕರೆದದ್ದು ಕಿಟಕಿ ಎಂದೇ. ರಜೆಯ ದಿನ ಸೈಕಲ್ ಮೇಲೆ ಕೂರಿಸಿಕೊಂಡು ಹೋದಾಗ ಮನೆಮನೆಯ ಮುಂದೆ, "ಕಿಟಕಿ ತೆಗಿಯಮ್ಮ, ಗಾಳಿ ಬರಲಿ," ಎನ್ನುವನು. ಹುಡುಗಿ ಹಲ್ಲು ತೋರಿಸಿ ನಗುವಳು, ಕೊಳ್ಳುವವರೂ ನಗುವರು. ಮೂಲೆಮನೆಯ ಅಜ್ಜಿಯಂತೂ ಸೊಪ್ಪಿಗಿಂತ ಮೊದಲು ಕಿಟಕಿಯನ್ನೇ ವಿಚಾರಿಸುತ್ತಿದ್ದಳು.

ಈಗ ಹುಡುಗಿ ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದಳು. ಸೈಕಲ್ ಹತ್ತಿ ಬರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

"ರಬ್ಬರು ಯಾರು ತಿಂತಾ ಇದಾರೋ ಗೊತ್ತಿಲ್ಲ," ಅವನು ಮಣಿಕಟ್ಟು ತಡವಿಕೊಂಡು ಗೊಣಗಿದ. "ಮೊನ್ನೆ ತಂದ ಪೊಟ್ಟಣ, ಆಗಲೇ ಅರ್ಧ."

"ನನ್ನ ಕಡೆ ನೋಡಬೇಡ," ಎಂದಳು ಅಕ್ಕ. ಅವನಿಗಿಂತ ಬಹಳ ದೊಡ್ಡವಳು. ದಿನವೂ ಆ ಹೊತ್ತಿಗೆ ಬಾವಿಕಟ್ಟೆಯ ಮೂಲೆಯಲ್ಲಿ ಕುಳಿತು ಯಾರು ಹೇಗೆ ಕೆಲಸ ಮಾಡಬೇಕೆಂದು ಹೇಳುವುದು ಅವಳ ಕೆಲಸ. "ನಂಗೆ ಹಲ್ಲಿದ್ರೆ ತಾನೆ ತಿನ್ನೋಕೆ?"

ಹೆಂಡತಿ ನಕ್ಕಳು. ಅವನೂ ನಕ್ಕು, ಬುಟ್ಟಿಯ ತಳದಿಂದ ಒಂದು ಎಳೆ ಗಜ್ಜರಿ ತೆಗೆದು ಮಗಳ ಕಡೆ ಎಸೆದ. ಅದೂ ದಿನದ ವಾಡಿಕೆಯೇ. ಅವಳು ಹಿಡಿದು, ಕಚ್ಚದೆ, ಜೇಬಿಗೆ ಹಾಕಿಕೊಂಡಳು.

"ಯಾಕೆ?"

"ಆಮೇಲೆ ತಿಂತೀನಿ."

"ನಿನ್ನೆಯದೂ ಆಮೇಲೆ. ಕೊಟ್ಟಿಗೇಲಿ ಕರು ನನ್ನ ನೋಡಿದ್ರೆ ಸಾಕು, ನಿನ್ನ ಮಗಳು ಇವತ್ತು ಗಜ್ಜರಿ ತಂದಿಲ್ಲ ಅಂತ ದೂರು ಹೇಳುತ್ತೆ. ಕಚ್ಚು ನೋಡೋಣ."

"ಬೇಡಪ್ಪ."

"ಕಚ್ಚೇ!"

ತಮಾಷೆಯ ಒತ್ತಾಯ. ಅವಳೂ ಸೋಲಬಾರದೆಂದು ಗಜ್ಜರಿಯನ್ನು ಎದುರು ಹಲ್ಲಿಗೇ ಕೊಟ್ಟು ಕಚ್ಚಿದಳು. ಮರುಕ್ಷಣ ಕೈ ಬಾಯಿಗೆ ಹೋಯಿತು. ಗಜ್ಜರಿ ಗೋಣಿಯ ಮೇಲೆ ಬಿತ್ತು, ಅದರ ತುದಿಯಲ್ಲಿ ರಕ್ತವಿತ್ತು.

ತಾಯಿ ಒದ್ದೆ ಕೈಯಲ್ಲೇ ಓಡಿಬಂದು ಮಗಳ ತುಟಿ ಎತ್ತಿದಳು. ವಸಡು ಊದಿ ಕೆಂಪಾಗಿತ್ತು. ಸಂದು ಮಾತ್ರ ಕಾಣಲಿಲ್ಲ. ಎರಡು ಹಲ್ಲುಗಳೂ ಒಂದಕ್ಕೊಂದು ಒರಗಿಕೊಂಡು, ಉಳಿದ ಹಲ್ಲುಗಳಿಗಿಂತ ಕೆಳಕ್ಕೆ ಇಳಿದಿದ್ದವು. ತಾಯಿ ಬೆರಳು ಸೋಕಿಸಿದರೆ ಅವು ಅಲುಗಾಡಿದವು.

"ಏನು ಮಾಡ್ಕೊಂಡೆ?"

ಹುಡುಗಿಗೆ ಅಳು ಬಂತು, ಅಳುವಿನ ಜೊತೆ ಮಾತೂ ಬಂತು. ಗೆಳತಿಯ ಫೋನಿನಲ್ಲಿ ಯಾರೋ ತೋರಿಸಿದ್ದರಂತೆ. ಎರಡು ಹಲ್ಲಿಗೂ ಸೇರಿಸಿ ಒಂದು ರಬ್ಬರು ಬಿಗಿಯಾಗಿ ಸುತ್ತಿಕೊಂಡು ಮಲಗಿದರೆ ಸಂದು ತಾನಾಗಿ ಮುಚ್ಚುತ್ತದಂತೆ. ಮುಚ್ಚಿತ್ತು ಕೂಡ. ಅವಳು ಕನ್ನಡಿಯ ಮುಂದೆ ನಿಂತು ಸಂತೋಷಪಟ್ಟಿದ್ದಳು. ಆದರೆ ಬೆಳಗ್ಗೆ ಎದ್ದರೆ ಒಮ್ಮೊಮ್ಮೆ ರಬ್ಬರೇ ಇರುತ್ತಿರಲಿಲ್ಲ. ನಿದ್ದೆಯಲ್ಲಿ ನುಂಗಿರಬೇಕೆಂದುಕೊಂಡು ಹೊಸದು ಹಾಕಿಕೊಳ್ಳುತ್ತಿದ್ದಳು.

ಆ ದಿನ ಸೊಪ್ಪು ಪಟ್ಟಣಕ್ಕೆ ಹೋಗಲಿಲ್ಲ. ಸಿಳ್ಳಣ್ಣ ಬುಟ್ಟಿ ಬಿಚ್ಚಿಟ್ಟು, ಅದೇ ಸೈಕಲ್ಲಿನ ಹಿಂದೆ ಮಗಳನ್ನು ಕೂರಿಸಿಕೊಂಡು ಹೊರಟ.

ಹಲ್ಲಿನ ಕಾಲೇಜಿನ ಆಸ್ಪತ್ರೆ ಪಟ್ಟಣದ ಆಚೆ ತುದಿಯಲ್ಲಿತ್ತು. ಉದ್ದನೆಯ ಕೋಣೆಯಲ್ಲಿ ಸಾಲಾಗಿ ಒರಗುಕುರ್ಚಿಗಳು. ಪ್ರತಿ ಕುರ್ಚಿಯ ಬಳಿ ಬಿಳಿ ಕೋಟಿನ ಒಬ್ಬ ವಿದ್ಯಾರ್ಥಿ, ಎಲ್ಲರ ನಡುವೆ ಓಡಾಡುತ್ತ ಒಬ್ಬಳು ಹಿರಿಯ ಡಾಕ್ಟರು. ಅವಳು ಹುಡುಗಿಯ ಬಾಯಿ ನೋಡಿದಳು, ಎಕ್ಸ್‌ರೇ ತೆಗೆಸಿದಳು. ವಸಡಿಗೆ ಮರಗಟ್ಟುವ ಸೂಜಿ ಕೊಟ್ಟು, ಸಣ್ಣ ಕೊಕ್ಕೆಯಂಥ ಸಲಕರಣೆಯನ್ನು ವಸಡಿನೊಳಕ್ಕೆ ನಯವಾಗಿ ಇಳಿಸಿದಳು. ತಂದೆ ಕುರ್ಚಿಯ ಕಾಲ ಬಳಿ, ಮಗಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದ.

"ಬಂತು," ಎಂದಳು ಡಾಕ್ಟರು.

ಬಿಳಿ ತಟ್ಟೆಯಲ್ಲಿ ಒಂದು ಹಸಿರು ರಬ್ಬರು ಬಿತ್ತು. ಸ್ವಲ್ಪ ಹೊತ್ತಿಗೆ ಅದರ ಪಕ್ಕ ಇನ್ನೊಂದು.

ಸಿಳ್ಳಣ್ಣ ತನ್ನ ಮಣಿಕಟ್ಟು ನೋಡಿಕೊಂಡ. ಬೆಳಗ್ಗೆ ಅವಸರದಲ್ಲಿ ಹಾಗೇ ಬಂದಿದ್ದ. ಅದೇ ಅಳತೆ, ಅದೇ ಬಣ್ಣ.

"ಇದು ನನ್ನ ಕೊತ್ತಂಬರಿ ಕಟ್ಟಿಂದು, ಡಾಕ್ಟ್ರಮ್ಮ."

"ಹಲ್ಲು ಕೆಳಗೆ ಅಗಲ, ಬೇರಿನ ಕಡೆ ಚೂಪು," ಅವಳು ತನ್ನ ಎರಡು ಬೆರಳು ಜೋಡಿಸಿ ತೋರಿಸಿದಳು. "ಅಲ್ಲಿ ರಬ್ಬರು ನಿಲ್ಲಲ್ಲ, ಜಾರ್ತಾ ಜಾರ್ತಾ ಮೇಲಕ್ಕೆ ಹತ್ತುತ್ತೆ. ಹತ್ತಿದ ಕಡೆಯೆಲ್ಲ ಹಲ್ಲು ಹಿಡ್ಕೊಂಡಿರೋ ಮೂಳೆ ಕರಗ್ತಾ ಹೋಗುತ್ತೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಎರಡೂ ಹಲ್ಲು ಕೈಗೆ ಬರ್ತಿತ್ತು."

"ಈಗ?"

"ಈಗ ಉಳಿಸೋಣ. ಅಲುಗಾಡದ ಹಾಗೆ ಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟಿಡ್ತೀವಿ. ಮೂಳೆ ವಸಡು ವಾಸಿಯಾಗೋಕೆ ಕೆಲವು ತಿಂಗಳು ಬೇಕು. ಆಮೇಲೆ ಸಂದು ಮತ್ತೆ ಬಿಟ್ಕೊಳ್ಳುತ್ತೆ. ಅದನ್ನ ಹಾಗೇ ಬಿಡಬೇಕಾ, ಕ್ಲಿಪ್ ಹಾಕಿ ಮುಚ್ಚಬೇಕಾ ಅನ್ನೋದು ನಿಮ್ಮಿಷ್ಟ." ಅವಳು ಸಿಳ್ಳಣ್ಣನ ಬಾಯಿಯನ್ನೊಮ್ಮೆ ನೋಡಿ ನಕ್ಕಳು. "ಸಂದು ಇರೋದು ಕಾಯಿಲೆ ಏನಲ್ಲ. ನಿಮ್ಮನ್ನೇ ನೋಡಿ, ಚೆನ್ನಾಗಿದೀರ. ಆದ್ರೆ ಬೇಡ ಅನ್ನಿಸಿದ್ರೆ ಸರಿಯಾದ ದಾರೀಲಿ ಮುಚ್ಚಬೇಕು."

ಖರ್ಚನ್ನೂ ಅವಳು ಬಿಡಿಸಿ ಹೇಳಿದಳು. ಕ್ಲಿಪ್ಪಿನಲ್ಲಿ ಲೋಹದ್ದು ಅಗ್ಗ, ಹಲ್ಲಿನ ಬಣ್ಣದ್ದು ದುಬಾರಿ, ಕಣ್ಣಿಗೆ ಕಾಣದ ಹಾಗೆ ತೆಗೆದು ಹಾಕುವಂಥದ್ದು ಇನ್ನೂ ದುಬಾರಿ. ಹೊರಗಿನ ಕ್ಲಿನಿಕ್ಕಿಗಿಂತ ಕಾಲೇಜಿನಲ್ಲಿ ಬಹಳ ಕಡಿಮೆಯಾಗುತ್ತದೆ, ಕಂತಿನಲ್ಲಿ ಕಟ್ಟಬಹುದು. ಆದರೆ ಕೆಲಸ ಮಾಡುವುದು ವಿದ್ಯಾರ್ಥಿಗಳು, ಹಿರಿಯರು ನಿಂತು ನೋಡುತ್ತಾರೆ. ಪ್ರತಿ ತಿಂಗಳೂ ಬರಬೇಕು, ಬಂದರೆ ಅರ್ಧ ದಿನ ಹೋಗುತ್ತದೆ. ಎಲ್ಲ ಸೇರಿ ಸುಮಾರು ಎರಡು ವರ್ಷ.

ಕಡಿಮೆ ಎಂದ ಮೊತ್ತವೂ ಸಿಳ್ಳಣ್ಣನಿಗೆ ಕಡಿಮೆಯದಾಗಿರಲಿಲ್ಲ. ಹಳೆಯ ಸ್ಕೂಟರೊಂದನ್ನು ಕೊಳ್ಳಲು ಕೂಡಿಸಿಟ್ಟಿದ್ದ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು.

ಹಿಂದಿರುಗುವಾಗ ಏರುದಾರಿಯಲ್ಲಿ ಇಬ್ಬರೂ ಇಳಿದು ಸೈಕಲ್ ತಳ್ಳಿಕೊಂಡು ನಡೆದರು.

"ನನ್ನ ಹಾಗಿರೋದು ನಿಂಗೆ ನಾಚಿಕೆನಾ?" ಅವನು ಕಡೆಗೆ ಕೇಳಿದ. ಕೋಪವಿರಲಿಲ್ಲ.

ಮರಗಟ್ಟಿದ ತುಟಿಯಲ್ಲೇ ಅವಳು ತೊದಲುತ್ತ ಹೇಳಿದಳು. "ನಿನ್ನ ನೋಡಿ ಯಾರೂ ನಗಲ್ಲ ಅಪ್ಪ. ನೀನು ಸಿಳ್ಳೆ ಹೊಡೀತೀಯ. ನಂಗೆ ಸಿಳ್ಳೆನೂ ಬರಲ್ಲ. ನಾನು ಬರೀ ಕಿಟಕಿ."

"ಪ್ರೀತಿಯಿಂದ ಕರೆಯೋದು ಕಣೇ."

"ಕ್ಲಾಸಲ್ಲಿ ಓದೋಕೆ ಎದ್ದು ನಿಂತ್ರೆ ಹಿಂದಿನ ಬೆಂಚಿಂದ, ಕಿಟಕಿ ಮುಚ್ಚಿ, ಗಾಳಿ ಬರ್ತಿದೆ ಅಂತಾರೆ. ಓದೋದೇ ಬಿಟ್ಟೆ. ನನ್ನ ಸರದಿ ಬಂದ್ರೆ ಗಂಟಲು ನೋವು ಅಂತೀನಿ."

"ಯಾರದು ಹಾಗನ್ನೋದು? ಯಾರ ಮನೆ ಮಕ್ಕಳು? ಅವರಿಗೆ ಆ ಹೆಸರು ಹೇಳಿದ್ದಾದ್ರೂ ಯಾರು?"

ಅವಳು ಸೈಕಲ್ಲಿನ ಸೀಟು ನೋಡುತ್ತ ನಡೆದಳು. "ಅವರೆಲ್ಲ ನೀನು ಸೊಪ್ಪು ಹಾಕೋ ಮನೆ ಮಕ್ಕಳೇ ಅಪ್ಪ."

ಏರು ಮುಗಿದ ಮೇಲೂ ಸೈಕಲ್ ಹತ್ತಬೇಕೆಂಬುದು ಸಿಳ್ಳಣ್ಣನಿಗೆ ನೆನಪಾಗಲಿಲ್ಲ. ಮಗಳೇ ನೆನಪಿಸಿದಳು.

ಮನೆಯಲ್ಲಿ ವಿಷಯ ತಿಳಿದಾಗ ಅಕ್ಕ ಮುಖ ಊದಿಸಿಕೊಂಡಳು. "ಅಲುಗಾಡೋದು ನಿಂತರೆ ಸಾಲದಾ? ಹಲ್ಲು ಅಗಿಯೋಕೆ ಇರೋದು. ಸಂದು ನಮ್ಮ ಮನೆತನದ್ದು, ನಮ್ಮಪ್ಪಂಗೂ ಇತ್ತು. ಅದನ್ನ ಮುಚ್ಚೋಕೆ ಸ್ಕೂಟರ್ ದುಡ್ಡು ಸುರೀಬೇಕಾ? ಇವನಿಗೇನು ಹದಿನೆಂಟಾ, ಹೀಗೇ ಸೈಕಲ್ ತುಳಿಯೋಕೆ?"

ಅಕ್ಕ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಗಂಡನ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಹೆಂಡತಿಯೇ. ಅವಳು ತೊಳೆದ ಪಾತ್ರೆಯನ್ನೇ ಮತ್ತೊಮ್ಮೆ ತೊಳೆದಿಟ್ಟು ಹೇಳಿದಳು. "ಅಗಿಯೋಕೆ ಸರಿ, ಅತ್ತಿಗೆ. ನಗೋಕೆ? ಇವಳು ನಕ್ಕಿದ್ದು ನೀವು ಯಾವಾಗ ನೋಡಿದ್ದು ಹೇಳಿ."

ಅಕ್ಕ ಯೋಚಿಸಿದಳು. ನೆನಪಿಗೆ ಬಂದದ್ದೆಲ್ಲ ಸಣ್ಣ ಹುಡುಗಿಯ ನಗುವೇ.

"ಸ್ಕೂಟರ್ ಎಲ್ಲಿಗೂ ಓಡಿಹೋಗಲ್ಲ," ಎಂದ ಸಿಳ್ಳಣ್ಣ. "ಪೆಟ್ರೋಲ್ ಇಲ್ಲದೆ ಹೇಗೆ ಓಡುತ್ತೆ?"

ವಾಸಿಯಾಗುವುದಕ್ಕೆ ತಿಂಗಳುಗಳೇ ಹಿಡಿದವು. ವಸಡಿನ ಊತ ಇಳಿಯಿತು, ಹಲ್ಲು ಗಟ್ಟಿಯಾಯಿತು, ಸಂದು ಮೊದಲಿನಂತೆ ಬಿಟ್ಟುಕೊಂಡಿತು. ಅಷ್ಟರಲ್ಲಿ ಹುಡುಗಿ ಹೈಸ್ಕೂಲು ಮುಗಿಸಿ ಪಟ್ಟಣದ ಕಾಲೇಜು ಸೇರಿದ್ದಳು. ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದಳು. ಸಿಳ್ಳಣ್ಣ ಮಗಳ ಕಡೆ ನೋಡಿದ. "ಮುಚ್ಚಬೇಕು," ಎಂದಳು ಮಗಳು.

ಮೊದಲು ಅಚ್ಚು ತೆಗೆದರು. ದಪ್ಪ ಅಂಬಲಿಯಂಥ ಗುಲಾಬಿ ಹಿಟ್ಟನ್ನು ತಟ್ಟೆಯಲ್ಲಿಟ್ಟು ಬಾಯಿಗೆ ಒತ್ತಿದಾಗ ಹುಡುಗಿಗೆ ಓಕರಿಕೆ ಬಂತು. ಅವಳನ್ನು ನೋಡಿ ಅಪ್ಪನಿಗೂ ಬಂತು. ಅಚ್ಚು ಹಿಡಿದಿದ್ದ ವಿದ್ಯಾರ್ಥಿನಿ, "ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ ಅಂಕಲ್, ಇಬ್ಬರನ್ನ ನನಗೆ ನೋಡೋಕಾಗಲ್ಲ," ಎಂದಳು. ಆ ಅಚ್ಚಿನಿಂದ ಸುಣ್ಣದ ಬಣ್ಣದ ಗಟ್ಟಿ ಹಲ್ಲುಸೆಟ್ಟೊಂದು ಮಾಡಿ ತಾವು ಇಟ್ಟುಕೊಂಡರು. ಇನ್ನೊಂದು ಮಾಡಿಕೊಡಿ ಎಂದು ಸಿಳ್ಳಣ್ಣ ದುಂಬಾಲು ಬಿದ್ದು ಮನೆಗೂ ಒಂದು ತಂದ. ನಡುಮನೆಯ ಗೂಡಿನಲ್ಲಿ ಅದನ್ನಿಟ್ಟ ಮರುದಿನ ಬೆಳಗ್ಗೆ ಅಕ್ಕನ ಕಿರುಚಾಟ ಕೇಳಿ ಎಲ್ಲರೂ ಎದ್ದರು.

"ಯಾರದೋ ಹಲ್ಲು ನನ್ನ ನೋಡಿ ನಗ್ತಾ ಇದೆ ಕಣೋ!"

"ನಿನ್ನ ಸೊಸೇದೇ ಅಕ್ಕ. ಹಳೇ ಹಲ್ಲು."

ಅಕ್ಕ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಸಂದಿನಲ್ಲಿ ಕಿರುಬೆರಳಿಟ್ಟು ನೋಡಿದಳು. "ನಮ್ಮಪ್ಪಂದೇ," ಎಂದಳು. ಅಂದಿನಿಂದ ಅದರ ಧೂಳು ಒರೆಸುವುದು ಅವಳ ಕೆಲಸವಾಯಿತು.

ಆಮೇಲಿನ ಭೇಟಿಯಲ್ಲಿ ಹಲ್ಲು ಶುಚಿ ಮಾಡಿ, ಒಂದೊಂದು ಹಲ್ಲಿಗೂ ಅಕ್ಕಿಕಾಳಿನಷ್ಟು ಲೋಹದ ತುಣುಕು ಅಂಟಿಸಿ, ನೀಲಿ ಬೆಳಕು ಹಿಡಿದು ಅಂಟು ಗಟ್ಟಿ ಮಾಡಿದರು. ತುಣುಕುಗಳ ಮೇಲೆ ಸಣ್ಣ ತಂತಿ ಹಾಯಿಸಿದರು. ಕೊನೆಗೆ ವಿದ್ಯಾರ್ಥಿನಿ ಒಂದು ಕಡ್ಡಿಯ ತುಂಬ ಪುಟ್ಟ ಪುಟ್ಟ ಉಂಗುರಗಳನ್ನು ತಂದು, "ಯಾವ ಬಣ್ಣ ಬೇಕು?" ಎಂದಳು.

ಸಿಳ್ಳಣ್ಣ ಬಗ್ಗಿ ನೋಡಿ ಹೌಹಾರಿದ. "ಇದು ರಬ್ಬರಲ್ವೇನಮ್ಮ? ಮತ್ತೆ ರಬ್ಬರಾ?"

"ರಬ್ಬರಿನ ಜಾತೀದೇ, ಅಂಕಲ್. ಆದ್ರೆ ಇದನ್ನ ಈ ತುಣುಕಿನ ಕೊಕ್ಕೆಗೆ ಸಿಗಿಸ್ತೀವಿ. ಬಿಗಿಯಾಗಿ ಕೂತಿರುತ್ತೆ, ಮೇಲಕ್ಕೆ ಹತ್ತಲ್ಲ. ಪ್ರತಿ ತಿಂಗಳೂ ತೆಗೆದು ಬೇರೆ ಹಾಕ್ತೀವಿ."

"ಲೆಕ್ಕ ಇಟ್ಕೊಳ್ಳಿ. ಹಾಕಿದ್ದೆಷ್ಟೋ ತೆಗೆದಿದ್ದೂ ಅಷ್ಟೇ ಇರಬೇಕು."

ಕುರ್ಚಿಯಲ್ಲಿ ಬಾಯಿ ತೆರೆದುಕೊಂಡಿದ್ದ ಮಗಳ ಹೊಟ್ಟೆ ನಗುವಿನಿಂದ ಕುಲುಕಿತು. ಅವಳು ಬೆರಳು ಚಾಚಿ ತೋರಿಸಿದ್ದು ಹಸಿರನ್ನು, ಕೊತ್ತಂಬರಿ ಹಸಿರನ್ನು.

ಮೊದಲ ವಾರ ಗಂಜಿಯೇ ಗತಿ. ಹಲ್ಲೆಲ್ಲ ಜುಮ್ಮೆನ್ನುತ್ತಿತ್ತು, ತಂತಿ ಕೆನ್ನೆಯ ಒಳಗೆ ತರಚುತ್ತಿತ್ತು. ತರಚಿದ ಕಡೆ ಒತ್ತಿಕೊಳ್ಳಲು ಆಸ್ಪತ್ರೆಯವರು ಮೇಣ ಕೊಟ್ಟಿದ್ದರು. ಗಟ್ಟಿಯಾದದ್ದು, ಅಂಟಂಟಾದದ್ದು ತಿನ್ನುವ ಹಾಗಿಲ್ಲ, ತಿಂದಾಗಲೆಲ್ಲ ಉಜ್ಜಬೇಕು. ಗಜ್ಜರಿಯನ್ನು ತಾಯಿ ಬೇಯಿಸಿ ಮೆತ್ತಗೆ ಮಾಡಿ ಕೊಡುವಳು. "ಹಸೀದು ನಂಗಿರಲಿ ಅಂತ ಕರು ಹೇಳ್ತು," ಎನ್ನುವನು ಸಿಳ್ಳಣ್ಣ. ಅಕ್ಕನಿಗೂ ಸೊಸೆಗೂ ಈಗ ಒಂದೇ ಊಟ. ಇಬ್ಬರೂ ಎದುರುಬದುರು ಕೂತು, ಯಾರ ಗಂಜಿಗೆ ಉಪ್ಪು ಸರಿಯಾಗಿದೆ ಎಂದು ಜಗಳವಾಡುತ್ತಿದ್ದರು.

ಮನೆಯಲ್ಲಿ ಯಾರೂ ಹೇಳದೆ ಆದ ಬದಲಾವಣೆಯೊಂದಿತ್ತು. ಆಸ್ಪತ್ರೆಗೆ ಹೋಗಿ ಬಂದ ಮೊದಲ ದಿನವೇ ಸಿಳ್ಳಣ್ಣ ಹಿತ್ತಿಲಿಗೆ ಹೋಗಿ ಬಾಳೆಯ ಒಣಪಟ್ಟೆ ಸುಲಿದು, ನೀರಿನಲ್ಲಿ ನೆನೆಹಾಕಿ, ಸಣ್ಣಗೆ ಸೀಳಿಟ್ಟಿದ್ದ. ಮರುದಿನದಿಂದ ಸೊಪ್ಪಿನ ಕಟ್ಟಿಗೆ ಆ ನಾರೇ. ರಬ್ಬರಾದರೆ ಕಣ್ಣುಮುಚ್ಚಿ ಹಾಕಬಹುದಿತ್ತು. ನಾರಿಗೆ ಗಂಟು ಬೇಕು, ಬಿಗಿದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಕಟ್ಟು ಜಾರುತ್ತದೆ. ಅವನು ಇನ್ನೂ ಬೇಗ ಏಳತೊಡಗಿದ.

"ಇದೇನು ಸಿಳ್ಳಣ್ಣ, ರಬ್ಬರು ಬಿಟ್ಟೆ?" ಎಂದು ಬೀದಿಯಲ್ಲಿ ಕೇಳಿದರೆ, "ಸಣ್ಣದಾದ್ರೂ ಎಲ್ಲಿಗೆ ಹತ್ತಿ ಕೂರುತ್ತೆ ಅಂತ ಹೇಳಕ್ಕಾಗಲ್ಲ ತಾಯಿ," ಎನ್ನುವನು. ಕೇಳಿದವರ ಮನೆಯಲ್ಲಿ ಬೆಳೆಯುವ ಮಕ್ಕಳಿದ್ದರೆ ಸೈಕಲ್ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳುವನು.

ಮೂಲೆಮನೆಯ ಅಜ್ಜಿ ಎಂದಿನಂತೆ ಕೇಳಿದಳು. "ನಿನ್ನ ಕಿಟಕಿ ಹೇಗಿದಾಳಪ್ಪ?"

"ಆ ಹೆಸರಿನವರು ನಮ್ಮನೇಲಿ ಯಾರೂ ಇಲ್ಲ ಅಜ್ಜಿ," ಅವನು ಪಾಲಕ್ ಕಟ್ಟು ಎತ್ತಿಕೊಡುತ್ತ ಹೇಳಿದ. "ನನ್ನ ಮಗಳಿದಾಳೆ. ಚೆನ್ನಾಗಿದಾಳೆ."

ಅಜ್ಜಿ ಅವನ ಮುಖವನ್ನೇ ನೋಡಿದಳು. "ಹಾಗಾದ್ರೆ ಮಗಳನ್ನ ಕೇಳಿದೆ ಅಂತ ಹೇಳು," ಎಂದಳು.

ಪ್ರತಿ ಮನೆಯ ಮುಂದೆಯೂ ಅವನು ಅದನ್ನೇ ಹೇಳಿದ. ಕೆಲವರು ಮರೆತು ಮತ್ತೆ ಕರೆದರೆ, ಮತ್ತೆ ಹೇಳಿದ. ತಾನೇ ಹಂಚಿದ ಹೆಸರು, ತಾನೇ ಮನೆಮನೆಗೂ ಹೋಗಿ ವಾಪಸು ತರಬೇಕಾಗಿತ್ತು. ತಿಂಗಳಿಗೊಮ್ಮೆ ಬಿಗಿ ಮಾಡಿಸಿಕೊಂಡು ಬರುವ ತಂತಿಯಂತೆ ಅದೂ ನಿಧಾನದ ಕೆಲಸ.

ಹುಡುಗಿ ಕಾಲೇಜಿನಲ್ಲಿ ಓದಲು ಎದ್ದು ನಿಂತದ್ದು ಬಾಯಲ್ಲಿ ತಂತಿ ಇರುವಾಗಲೇ. ಒಬ್ಬ ಹುಡುಗ, "ಬೇಲಿ ಹಾಕಿದಾರೆ," ಎಂದನಂತೆ. "ಹೌದು, ಒಳಗೆ ಬೆಳೆ ಇದೆ," ಎಂದು ಹೇಳಿ ಇವಳು ಓದುತ್ತ ಹೋದಳಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವಳು ನಕ್ಕ ನಗುವಿಗೆ ಅಕ್ಕ ಗಂಜಿಯ ತಟ್ಟೆ ಕೆಳಗಿಟ್ಟು ಕೂತು ನೋಡಿದಳು.

ಎರಡು ವರ್ಷ ಮುಗಿಯುತ್ತ ಬಂದಾಗ ಒಂದು ದಿನ ತಂತಿ ತೆಗೆದರು. ಬಿಟ್ಟರೆ ಸಂದು ಹಿಂದಿರುಗಬಹುದೆಂದು ಎದುರು ಹಲ್ಲುಗಳ ಹಿಂಬದಿಗೆ ಕಾಣದಂತೆ ಒಂದು ಎಳೆ ತಂತಿ ಅಂಟಿಸಿದರು. ಡಾಕ್ಟರು ಕನ್ನಡಿ ಹಿಡಿದಳು. ಹುಡುಗಿ ಬಹಳ ಹೊತ್ತು ನೋಡಿಕೊಂಡು, ಕನ್ನಡಿಯನ್ನು ಅಪ್ಪನಿಗೆ ಕೊಟ್ಟಳು. ಅವನು ಅದರಲ್ಲಿ ತನ್ನ ಹಲ್ಲು ನೋಡಿಕೊಂಡ. "ಇನ್ನು ಮೊಹರು ನನ್ನೊಬ್ಬನ ಹತ್ರ," ಎಂದ. ನಗುತ್ತಲೇ ಹೇಳಿದ. ಆದರೂ ಮಗಳು ಅವನ ಕಡೆ ತಿರುಗಿ ನೋಡಿದಳು.

ಅದಾದ ಮೇಲೆ ಸಂಜೆಯ ಹೊತ್ತು ಹಿತ್ತಿಲ ಕಡೆಯಿಂದ ಬುಸ್ ಬುಸ್ ಎಂಬ ವಿಚಿತ್ರ ಸದ್ದು ಕೇಳಿಸತೊಡಗಿತು. ಅಕ್ಕ ಅದನ್ನು ಹಾವೆಂದು ತಿಳಿದು ಆ ಕಡೆ ಹೋಗುವುದನ್ನೇ ಬಿಟ್ಟಳು.

ಚಳಿ ಹೆಚ್ಚಿದ ದಿನಗಳಲ್ಲಿ ಒಂದು ರಜೆಯ ಬೆಳಗ್ಗೆ ಮಗಳು ತಾನಾಗಿ ಬಂದು ಸೈಕಲ್ಲಿನ ಪಕ್ಕ ನಿಂತಳು. "ನಾನೂ ಬರ್ತೀನಿ," ಎಂದಳು. ಹಿಂದೆ ಬುಟ್ಟಿ ತುಂಬಿತ್ತು, ಅವಳು ದೊಡ್ಡವಳಾಗಿದ್ದಳು, ಕೂರಲು ಜಾಗವಿರಲಿಲ್ಲ. ಇಬ್ಬರೂ ನಡೆದೇ ಪಟ್ಟಣ ಸೇರಿದರು.

ಮೊದಲ ಬೀದಿಯ ತುದಿಯಲ್ಲಿ ಸಿಳ್ಳಣ್ಣ ನಾಲಿಗೆ ತಾಗಿಸಿ ಊದಿದ. ಗಾಳಿಯಷ್ಟೇ ಬಂತು. ಚಳಿಗೆ ತುಟಿ ಒಡೆದು ಬಿರುಕುಬಿಟ್ಟಿತ್ತು. ತುಟಿ ಒದ್ದೆ ಮಾಡಿಕೊಂಡು ಮತ್ತೆ ಊದಿದ. ತುದಿಯ ಮನೆಯ ನಾಯಿ ತಲೆ ಎತ್ತಿ ನೋಡಿ ಮತ್ತೆ ಮಲಗಿತು. ಬಾಗಿಲುಗಳೆಲ್ಲ ಮುಚ್ಚಿದ್ದವು.

"ಕೂಗಬೇಕಾಗುತ್ತೇನೋ," ಎಂದು ಅವನು ಪೆಚ್ಚಾಗಿ ನಕ್ಕ. ಇಷ್ಟು ವರ್ಷದಲ್ಲಿ ಕೂಗಿ ಅಭ್ಯಾಸವಿರಲಿಲ್ಲ. ಗಂಟಲು ಸರಿಮಾಡಿಕೊಂಡ.

"ತಡಿ ಅಪ್ಪ."

ಮಗಳು ಎರಡು ಬೆರಳು ಮಡಿಸಿ ನಾಲಿಗೆಯ ಕೆಳಗಿಟ್ಟು, ತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಿಕೊಂಡಳು. ತಂತಿ ಇದ್ದಾಗ ಆಗದ ಕೆಲಸ ಅದು. ಎದೆ ತುಂಬ ಉಸಿರು ಎಳೆದು ಊದಿದಳು.

ಉದ್ದನೆಯ ಸಿಳ್ಳೆ, ಕೊನೆಗೆ ಮೇಲಕ್ಕೆ ತಿರುಗಿ ನಿಲ್ಲುವ ಅದೇ ಸಿಳ್ಳೆ, ಅಪ್ಪನದಕ್ಕಿಂತ ಜೋರಾಗಿ ಬೀದಿಯ ಆ ತುದಿಯವರೆಗೂ ಹೋಯಿತು. ನಾಯಿ ಎದ್ದು ಬೊಗಳಿತು. ಮಾಡಿನ ಮೇಲಿದ್ದ ಪಾರಿವಾಳಗಳು ಹಾರಿದವು. ಸಿಳ್ಳಣ್ಣ ಸೈಕಲ್ಲಿನ ಹಿಡಿ ಬಿಟ್ಟು, ಬೀಳುತ್ತಿದ್ದ ಬುಟ್ಟಿಯನ್ನು ತಬ್ಬಿ ಹಿಡಿದುಕೊಂಡ.

ಮೂಲೆಮನೆಯ ಅಜ್ಜಿ ಬಾಗಿಲು ತೆರೆದು ಕಿವಿ ಮುಚ್ಚಿಕೊಂಡು ಹೊರಗೆ ಬಂದಳು. "ಏನಪ್ಪಾ ಸಿಳ್ಳಣ್ಣ, ಇವತ್ತು ಮೈಮೇಲೆ ಬಂದಿದೆಯಾ? ಇಷ್ಟು ಜೋರು!"

"ನಾನಲ್ಲ ಅಜ್ಜಿ," ಎಂದ ಅವನು. ಒಡೆದ ತುಟಿ ಉರಿಯುತ್ತಿದ್ದರೂ ನಗು ತಡೆಯಲಾಗಲಿಲ್ಲ. "ನನ್ನ ಮಗಳು."

ಅಜ್ಜಿ ಕೊತ್ತಂಬರಿ ಕಟ್ಟು ತೆಗೆದುಕೊಂಡು ಹುಡುಗಿಯ ಗಲ್ಲ ಹಿಡಿದು ಎತ್ತಿ ನೋಡುವಷ್ಟರಲ್ಲಿ ಹುಡುಗಿಗೆ ನಗು ಬಂದುಬಿಟ್ಟಿತ್ತು. ಬಾಯಿಗೆ ಕೈ ಅಡ್ಡ ಬರಲಿಲ್ಲ. ಹಾಗೇ ನಗುತ್ತ ಅವಳು ಮುಂದಿನ ಬೀದಿಗೆ ತಿರುಗಿ ಮತ್ತೊಂದು ಸಿಳ್ಳೆ ಹಾಕಿದಳು. ಅವನು ನಾರಿನ ಗಂಟು ಬಿಗಿ ಮಾಡಿ, ಸೈಕಲ್ ತಳ್ಳಿಕೊಂಡು ಹಿಂದೆ ಹೋದ. ಅವನು ತಿರುವು ಮುಟ್ಟುವಷ್ಟರಲ್ಲಿ ಆ ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು.